ರಸ್ತೆಯಂಚಿನ ಹಿಪ್ಟಿಸ್: ಕಿತ್ತದ್ದಕ್ಕಿಂತ ಹುಲ್ಲು ಹಿಡಿಸಿದ್ದೇ ಹೆಚ್ಚು ಕೆಲಸ

ರಸ್ತೆ ಬದಿಯಲ್ಲಿ ಆಳೆತ್ತರಕ್ಕೆ ಬೆಳೆದು, ಮೈಗೆ ತಾಗಿದರೆ ಸಾಕು ಘಾಟು ಹತ್ತಿಸಿಬಿಡುವ ಗಿಡ ಇದು. ಎಲೆ ನೋಡಿ ಕಾಡು ತುಳಸಿ ಇರಬೇಕು ಅಂದುಕೊಂಡು ಹೆಚ್ಚಿನವರು ಸುಮ್ಮನೆ ಬಿಟ್ಟುಬಿಡುತ್ತಾರೆ. ತುಳಸಿಯ ಕುಟುಂಬದ್ದೇ ಹೌದು. ಆದರೆ ಹಿಪ್ಟಿಸ್ ಸುವಾವಿಯೋಲೆನ್ಸ್ ಎಂಬ ಇದರ ಮೂಲ ಉಷ್ಣವಲಯದ ಅಮೆರಿಕ. ಅಲ್ಲಿಂದ ಆಫ್ರಿಕಕ್ಕೆ, ಭಾರತಕ್ಕೆ, ಆಗ್ನೇಯ ಏಷ್ಯಕ್ಕೆ, ಉತ್ತರ ಆಸ್ಟ್ರೇಲಿಯಕ್ಕೆ ಹಬ್ಬಿದೆ. ಈಚಿನ ಪುಸ್ತಕಗಳಲ್ಲಿ ಮೆಸೊಸ್ಫೇರಮ್ ಎಂಬ ಕುಲನಾಮದ ಕೆಳಗೆ ಹುಡುಕಬೇಕು.

ನಮ್ಮ ಜಮೀನಿಗೂ ರಸ್ತೆಗೂ ನಡುವಿನ ಪಟ್ಟಿಯಲ್ಲಿ ಇದು ಒತ್ತೊತ್ತಾಗಿ ಬೆಳೆದು, ತಿರುವಿನಲ್ಲಿ ಎದುರಿನ ಗಾಡಿಯೇ ಕಾಣದಂತಾದಾಗ ನಾನು ಕೈಹಾಕಿದೆ.

ಮೊದಲು ಗುರುತು ಸರಿಯಾಗಿ ಹಿಡಿಯಬೇಕು. ಕಾಂಡ ಬೆರಳಿಗೆ ಚೌಕವಾಗಿ ಸಿಗುತ್ತದೆ, ಮೇಲೆಲ್ಲ ರೋಮ. ಇಷ್ಟು ನಿಜವಾದ ತುಳಸಿಯಲ್ಲೂ ಸಿಗಬಹುದು. ವ್ಯತ್ಯಾಸ ಗೊತ್ತಾಗುವುದು ಹೂವಿನಲ್ಲಿ. ತುಳಸಿಗೆ ತುದಿಯಲ್ಲಿ ತೆನೆ. ಇದಕ್ಕೆ ಎಲೆಯ ಕಂಕುಳಲ್ಲಿ ನೀಲಿ-ನೇರಳೆಯ ಪುಟ್ಟ ಹೂಗಳ ಗೊಂಚಲು. ಹೂ ಉದುರಿದ ಮೇಲೆ ಉಳಿಯುವ ಪುಷ್ಪಪಾತ್ರೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ: ಉದ್ದಕ್ಕೂ 10 ಗೆರೆ, ಬಾಯಿಯ ಸುತ್ತ ಮುಳ್ಳಿನಂಥ 5 ಹಲ್ಲು. ಕಾಲುಚೀಲಕ್ಕೂ ದನದ ಬಾಲಕ್ಕೂ ಕಚ್ಚಿಕೊಂಡು ಊರು ಸುತ್ತುವುದು ಈ ಹಲ್ಲುಗಳ ಬಲದಿಂದಲೇ. ಒಳಗೆ ಸಾಮಾನ್ಯವಾಗಿ ಎರಡು ಚಪ್ಪಟೆ ಬೀಜ. ಒಂದನ್ನು ಅಂಗೈಯಲ್ಲಿಟ್ಟು ನಾಲ್ಕು ಹನಿ ನೀರು ಬಿಟ್ಟರೆ ನೋಡನೋಡುತ್ತಲೇ ಸುತ್ತ ಲೋಳೆ ಉಬ್ಬಿ, ಕಾಮಕಸ್ತೂರಿ ಬೀಜದ ಹಾಗೆ ಆಗುತ್ತದೆ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ ಇದನ್ನು ನೆನೆಸಿ ಪಾನಕ ಮಾಡಿ ಕುಡಿಯುವುದೂ ಉಂಟು. ನನಗೆ ಮುಖ್ಯವಾದದ್ದು ಆ ಲೋಳೆಯ ಅಂಟು. ಒದ್ದೆ ಬೀಜ ಬೆರಳಿಗೆ ಹತ್ತಿದರೆ ಸುಲಭಕ್ಕೆ ಬಿಡದು. ಕೆಸರು ಮೆತ್ತಿದ ಟೈರಿಗೆ, ಗುದ್ದಲಿಗೆ, ಚಪ್ಪಲಿಗೆ ಹತ್ತಿದರೂ ಅಷ್ಟೆ. ಅದಕ್ಕೇ ಬೀಜ ಕಟ್ಟಿದ ಜಾಗದಲ್ಲಿ ಕೆಲಸ ಮುಗಿದರೆ ಚಪ್ಪಲಿ, ಗುದ್ದಲಿಯನ್ನು ಅಲ್ಲೇ ಕೆರೆದು ಬರುತ್ತೇನೆ.

ಈ ಗಿಡಕ್ಕೆ ಒಂದೇ ವರ್ಷದ ಆಯುಸ್ಸು. ಮಳೆ ಶುರುವಾದಾಗ ಮೊಳೆತು, ಮಳೆ ಹಿಂದೆ ಸರಿಯುವ ಹೊತ್ತಿಗೆ ಹೂ ಬಿಟ್ಟು ಬೀಜ ಕಟ್ಟಿ ಒಣಗಿ ನಿಲ್ಲುತ್ತದೆ. ಅಂದರೆ ನಾವು ಏನು ಮಾಡುವುದಿದ್ದರೂ ಮಳೆ ಹಿಡಿದಾಗಿನಿಂದ ಮೊದಲ ಹೂ ಕಾಣುವವರೆಗೆ. ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕಣ್ಣಿಗೆ ಕಸವೆಂದು ಕಂಡು ಕೊಚ್ಚಲು ಹೊರಡುತ್ತಾರಲ್ಲ, ಆಗ ನಡೆಯುವುದು ಬಿತ್ತನೆ. ರಸ್ತೆಯಂಚು ಸವರುವ ಯಂತ್ರ ನಮ್ಮ ಕಡೆ ಬರುವುದೂ ಸರಿಯಾಗಿ ಆ ಹೊತ್ತಿಗೇ! ಒಂದು ತುದಿಯ ಬೀಜವನ್ನು ಇನ್ನೊಂದು ತುದಿಯವರೆಗೆ ಹರಡಿ ಹೋಗುತ್ತದೆ. ನಾನು ಆ ಕೆಲಸದವರನ್ನು ಕಂಡು, ನಮ್ಮ ಪಟ್ಟಿಯನ್ನು ನಾನೇ ನೋಡಿಕೊಳ್ಳುತ್ತೇನೆ, ಬಿಟ್ಟುಬಿಡಿ ಎಂದೆ. ಅವರಿಗೂ ಕೆಲಸ ಕಡಿಮೆಯಾಯಿತು, ಒಪ್ಪಿದರು.

ಕೊಚ್ಚುವುದಕ್ಕಿಂತ ಕೀಳುವುದೇ ಮೇಲು. ಮೊಣಕಾಲೆತ್ತರದಲ್ಲಿ ಕೊಚ್ಚಿದರೆ ಕೆಳಗಿನ ಗೆಣ್ಣುಗಳಿಂದ ಕವಲೊಡೆದು, ಮೊದಲಿಗಿಂತ ಪೊದೆಯಾಗಿ, ಗಿಡ್ಡವಾಗಿಯೇ ಹೂ ಬಿಡುತ್ತದೆ. ಚೆನ್ನಾಗಿ ಮಳೆ ಬಿದ್ದ ಮರುದಿನ ನೆಲ ಹದವಾಗಿರುವಾಗ ಬುಡಕ್ಕೆ ಕೈಹಾಕಿ ನೇರ ಮೇಲಕ್ಕೆ ಎಳೆದರೆ ಬೇರುಸಮೇತ ಬರುತ್ತದೆ. ಬಿಸಿಲು ಬಿದ್ದು ಜಲ್ಲಿ ಮಣ್ಣು ಗಟ್ಟಿಯಾದ ದಿನ ಎಳೆಯಲು ಹೋದರೆ ಕಾಂಡ ತುಂಡಾಗುತ್ತದೆ, ಬುಡ ಉಳಿಯುತ್ತದೆ. ಅಂಥ ದಿನ ಹೋಗಲೇಬಾರದು. ಕೈಗವಸು ಹಾಕಿಕೊಳ್ಳಿ. ಘಾಟು ಸಾಬೂನಿಗೆಲ್ಲ ಜಗ್ಗುವಂಥದ್ದಲ್ಲ.

ಹೂ ಇಲ್ಲದ ಗಿಡಗಳನ್ನು ಬೇರಿನ ಮಣ್ಣು ಕೊಡವಿ ಅಲ್ಲೇ ಅಡ್ಡ ಮಲಗಿಸುತ್ತೇನೆ, ನೆಲಕ್ಕೆ ಹೊದಿಕೆಯಾಗುತ್ತದೆ. ಪುಷ್ಪಪಾತ್ರೆ ಬಲಿತದ್ದಾದರೆ ಮಾತ್ರ ಬೇರೆ ದಾರಿ: ಗೊಂಚಲು ಮೇಲಿರುವಂತೆಯೇ ನಿಧಾನಕ್ಕೆ ಬಗ್ಗಿಸಿ ಚೀಲದೊಳಗೆ ಇಳಿಸಿ, ಆಮೇಲೆ ಬುಡ ಕೀಳುವುದು. ಮೊದಲು ಕಿತ್ತು ಆಮೇಲೆ ಚೀಲ ಹುಡುಕಿದರೆ ಅರ್ಧ ಬೀಜ ನೆಲದಲ್ಲಿ. ಬೆಂಕಿ ಹಾಕಿಬಿಡಿ ಎಂದವರಿದ್ದರು. ಒಣಗಿದ ಹಿಪ್ಟಿಸ್ ಧಗಧಗ ಉರಿಯುತ್ತದೆ ನಿಜ, ಆದರೆ ನಡುವೆ ಉಳಿದಿದ್ದ ಹುಲ್ಲೂ ಸುಟ್ಟು, ಬರಿ ನೆಲ ಮುಂದಿನ ಮಳೆಗೆ ಸಿದ್ಧವಾಗಿರುತ್ತದೆ. ಕಳೆನಾಶಕವನ್ನು ನಾನು ಮುಟ್ಟಲಿಲ್ಲ. ಪಕ್ಕದ ಚರಂಡಿಯ ನೀರು ಹೋಗುವುದು ದನ ಕುಡಿಯುವ ಹೊಂಡಕ್ಕೆ.

ಎರಡನೇ ಮಳೆಗಾಲದಲ್ಲಿ ಗಮನಿಸಿದ್ದು ಇದು. ಹುಲ್ಲಿನ ಜಡೆ ಇದ್ದ ಕಡೆ ಹಿಪ್ಟಿಸ್ ಸಸಿ ಅಲ್ಲೊಂದು ಇಲ್ಲೊಂದು. ಕೇಬಲ್ ಹಾಕಲು ಅಗೆದು ಮುಚ್ಚಿದ್ದ ಗೆರೆಯಲ್ಲಿ ಮಾತ್ರ ನಾರು ಹೆಣೆದಂತೆ ಒತ್ತಾಗಿ ಎದ್ದಿತ್ತು. ಹೊರಗಿನ ಬೀಜ ರಸ್ತೆಯುದ್ದಕ್ಕೂ ಬರುತ್ತಲೇ ಇರುತ್ತದೆ, ಅದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ. ಅದಕ್ಕೆ ಬರಿ ನೆಲ ಸಿಗದಂತೆ ಮಾಡುವುದು ಕೈಯಲ್ಲಿದೆ. ದನಗಳು ಹುಲ್ಲನ್ನು ಬುಡದವರೆಗೆ ಮೇಯ್ದು, ಘಾಟಿನ ಈ ಗಿಡವನ್ನು ಮೂಸಿಯೂ ನೋಡದೆ ಬಿಡುವುದರಿಂದ ಮೇವು ಸವೆದ ಕಡೆಯೆಲ್ಲ ಇದರದೇ ರಾಜ್ಯ.

ಹಾಗಾಗಿ ಕಿತ್ತ ಜಾಗಕ್ಕೆ ಅವತ್ತೇ ಗರಿಕೆ. ಬೇರೆಡೆಯಿಂದ ಬಳ್ಳಿಗಳನ್ನು ತಂದು, ಎರಡು ಮೂರು ಗೆಣ್ಣು ಇರುವಂತೆ ತುಂಡು ಮಾಡಿ, ಗೀರಿದ ಸಾಲಿನಲ್ಲಿ ಒಂದೆರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಒತ್ತಿ ಕಾಲಿನಿಂದ ತುಳಿದುಬಿಡುವುದು. ಮಳೆ ಇದ್ದರೆ ಮತ್ತೇನೂ ಆರೈಕೆ ಬೇಡ. ಗರಿಕೆ ನೆರಳಿಗೆ ಆಗದು. ಮರದ ಕೆಳಗಿನ ತುಂಡು ಜಾಗಕ್ಕೆ ಅಲ್ಲೇ ಸಹಜವಾಗಿದ್ದ ಹುಲ್ಲನ್ನು ಬೀಜ ಬಲಿಯುವವರೆಗೆ ಕೊಯ್ಯದೆ ಬಿಟ್ಟೆ. ಬೇಗ ಹಬ್ಬುವ ಹೊರಗಿನ ಗಿಡ ಯಾವುದನ್ನಾದರೂ ಬಿತ್ತಿ ಎಂಬ ಸಲಹೆಗೆ ಕಿವಿಗೊಡಲಿಲ್ಲ. ಪಾರ್ಥೇನಿಯಂ ಅಡಗಿಸುತ್ತದೆ ಎಂದು ಹೊಗಳಿಸಿಕೊಂಡ ಕ್ಯಾಸಿಯಾ ಯೂನಿಫ್ಲೋರಾ ಕೂಡ ಅಮೆರಿಕದಿಂದಲೇ ಬಂದದ್ದು, ಈಗ ಅದೇ ಒಂದು ಕಳೆ.

ಇಷ್ಟು ಘಾಟಿನ ಗಿಡದಿಂದ ಉಪಯೋಗವೇ ಇಲ್ಲವೇ ಎಂದು ಕೇಳುತ್ತಾರೆ. ಇದೆ. ಪಶ್ಚಿಮ ಆಫ್ರಿಕದಲ್ಲಿ ಸೊಳ್ಳೆ ಓಡಿಸಲು ಇದರ ಹೊಗೆ ಹಾಕುತ್ತಾರೆ, ಅಲಸಂದೆ ಕಾಳಿಗೆ ಹುಳು ಹತ್ತದಂತೆ ಎಲೆ ಬೆರೆಸಿಡುತ್ತಾರೆ. ನಾನೂ ಹಸಿ ಸೊಪ್ಪನ್ನು ಕೊಟ್ಟಿಗೆಯ ಹೊಗೆಗೆ ಹಾಕಿದ್ದೇನೆ, ಸೊಳ್ಳೆ ಕಡಿಮೆಯಾದದ್ದು ನಿಜ, ನಾನೂ ಹೊರಗೆ ಬರಬೇಕಾಯಿತು. ಆದರೆ ಬಳಕೆಯಿಂದಲೇ ಕಳೆ ಖಾಲಿಯಾಗುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಬೇಕಾದವರು ಒಂದು ಹೊರೆ ಒಯ್ಯುತ್ತಾರೆ, ಉಳಿದದ್ದು ಬೀಜ ಕಟ್ಟುತ್ತದೆ.

ಈಗ ಪಟ್ಟಿಯ ಬಹುಪಾಲು ಗರಿಕೆಯ ಕೈಯಲ್ಲಿದೆ. ತಕರಾರು ಉಳಿದಿರುವುದು ಮೋರಿಯ ಬಾಯಲ್ಲಿ. ಮೇಲಿನಿಂದ ಹರಿದುಬಂದ ಹೂಳು ಪ್ರತಿ ಮಳೆಗಾಲ ಅಲ್ಲಿ ಹೊಸದಾಗಿ ಕೂರುತ್ತದೆ, ಅದರ ಜತೆ ಬೀಜವೂ. ಹೂಳು ಎತ್ತುವವರು ಅದನ್ನು ಪಕ್ಕದ ಹುಲ್ಲಿನ ಮೇಲೆ ಸುರಿಯದಂತೆ ನಿಂತು ನೋಡಿಕೊಳ್ಳುತ್ತೇನೆ. ರಾಶಿಯನ್ನು ಒಂದೇ ಕಡೆ ಹಾಕಿಸಿ, ಅದರ ಮೇಲೆ ಎದ್ದ ಸಸಿಗಳನ್ನು ನಾಲ್ಕೆಲೆ ಇರುವಾಗಲೇ ಗುದ್ದಲಿಯಿಂದ ಕೆರೆದು ಹಾಕುವುದು ಸದ್ಯದ ವ್ಯವಸ್ಥೆ.