ಸಿಲಿಂಡರ್ ಇಳಿಸಿದ ಮೇಲೆ ತೆಳುನೀರು ಹುಡುಕಿದ್ದು

ನೇತ್ರಾಣಿ ದ್ವೀಪದ ಪಕ್ಕ ನೀರಿನ ಮೇಲೆ ಬೋರಲು ಮಲಗಿದ್ದೆ. ಗೆಳೆಯರು ಸ್ಕೂಬಾ ಡೈವಿಂಗಿನ ಗಾಳಿ ಸಿಲಿಂಡರ್ ಹೊತ್ತು ಕೆಳಗೆ ಇಳಿದುಹೋಗಿದ್ದರು. ನನಗೆ ಕಂಡಿದ್ದು ಅವರ ಉಸಿರಿನ ಗುಳ್ಳೆಗಳಷ್ಟೇ. ಅಲುಗಾಡುತ್ತ ಮೇಲೆ ಬಂದು ನನ್ನ ಮಾಸ್ಕಿಗೆ ತಾಗಿ ಒಡೆಯುತ್ತಿದ್ದವು. ಅದರಾಚೆ ಬರೀ ನೀಲಿ ಮಬ್ಬು. ಹಿಂದಿನ ದಿನ ಹುಬ್ಬಳ್ಳಿ ಬಿಟ್ಟು, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಮುರ್ಡೇಶ್ವರದಲ್ಲಿ ವಸ್ತಿ ಮಾಡಿ ಬಂದದ್ದು ಇದಕ್ಕೇನಾ ಅನಿಸಿತು.

ಅದಕ್ಕೂ ಎಂಟು ತಿಂಗಳ ಮೊದಲು, ಮನೆಯಲ್ಲಿ ಚಹಾ ಕುಡಿಯುತ್ತ ಕೂತಾಗ ಎದೆಯ ಬಲಮಗ್ಗುಲಲ್ಲಿ ಚಳುಕು ಹಿಡಿದಿತ್ತು. ಶ್ವಾಸಕೋಶದ ಮೇಲಿನ ಸಣ್ಣ ಗುಳ್ಳೆಯೊಂದು ತಾನಾಗಿ ಒಡೆದು ಗಾಳಿ ಹೊರಗೆ ಸೋರಿತ್ತು. ‘ಇದಕ್ಕ ನ್ಯೂಮೋಥೊರಾಕ್ಸ್ ಅಂತಾರ್ರಿ. ಇನ್ನ ಸ್ಕೂಬಾದ ಹೆಸರು ತಗೀಬ್ಯಾಡ್ರಿ’ ಅಂದರು ಡಾಕ್ಟರು. ಜಗಳ ಮಾಡುವಂತಿರಲಿಲ್ಲ, ಲೆಕ್ಕ ನನಗೂ ಗೊತ್ತಿತ್ತು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಸಿಲಿಂಡರಿನಿಂದ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿ ಉಬ್ಬುತ್ತದೆ. ದುರ್ಬಲ ಜಾಗದಲ್ಲಿ ಅದು ಸಿಕ್ಕಿಕೊಂಡರೆ ಶ್ವಾಸಕೋಶ ಹರಿಯುತ್ತದೆ, ಅದೂ ನಡುನೀರಿನಲ್ಲಿ. ಸ್ನಾರ್ಕೆಲ್ ಅಂದರೆ ಮುಖ ನೀರಿನಲ್ಲಿಟ್ಟು ತೇಲುವಾಗ ಬಾಯಲ್ಲಿ ಕಚ್ಚುವ ಕೊಳವೆ. ಅದರಲ್ಲಿ ನಾವು ಎಳೆಯುವುದು ಮೇಲಿನ ಗಾಳಿಯನ್ನೇ. ಹಾಗಾಗಿ ಗಾಯ ಪೂರ್ತಿ ಮಾಗಿದ ಮೇಲೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಷರತ್ತು ಒಂದೇ: ಮೇಲೆಯೇ ತೇಲಬೇಕು, ಉಸಿರು ಬಿಗಿಹಿಡಿದು ಕೆಳಗೆ ಮುಳುಗುವಂತಿಲ್ಲ. ಇದು ನನ್ನ ಎದೆಗೆ ಸಿಕ್ಕ ಒಪ್ಪಿಗೆ. ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಬುದ್ಧಿ ಮಾತ್ರ ಹಳೆಯದೇ ಇತ್ತು. ಡೈವಿಂಗಿಗೆ ಒಳ್ಳೆಯ ಜಾಗ ಅಂದರೆ ಸ್ನಾರ್ಕೆಲಿಗೂ ಒಳ್ಳೆಯದೇ ಅಂದುಕೊಂಡು ನೇತ್ರಾಣಿಗೆ ಹೋಗಿದ್ದೆ. ಡೈವಿಂಗಿನ ದಿನಗಳಲ್ಲಿ ನಾನು ಅಲ್ಲಿ ಕಂಡಿದ್ದ ಮೀನು, ಹವಳವೆಲ್ಲ ಎಂಟು ಹತ್ತು ಮೀಟರ್ ಕೆಳಗಿನವು. ಮೇಲೆ ತೇಲುವವನಿಗೆ ಅವು ಅಟ್ಟದ ಮೇಲಿನ ಡಬ್ಬಿ ಇದ್ದಂತೆ. ಇವೆ ಅಂತ ಗೊತ್ತು, ಕೈಗೆ ಸಿಗವು. ತೇಲುವವನಿಗೆ ಬೇಕಾದದ್ದು ಒಂದರಿಂದ ಮೂರು ಮೀಟರಿನ ತೆಳುನೀರು, ಅದರಡಿಗೆ ಜೀವಂತ ಹವಳ.

ಆಮೇಲೆ ರಾತ್ರಿ ಊಟವಾದ ಮೇಲೆ ಉಪಗ್ರಹ ನಕ್ಷೆ ತೆಗೆದು ಕೂರುವ ಚಟ ಬಿತ್ತು. ದಂಡೆಗೆ ಹತ್ತಿದಂತೆ ತಿಳಿಹಸಿರು ಕಂಡರೆ ಉಸುಕಿನ ಮೇಲಿನ ತೆಳುನೀರು. ಅದರಲ್ಲಿ ಕಂದು ಪಟ್ಟೆಗಳಿದ್ದರೆ ಹವಳವೋ ಕಲ್ಲೋ ಹುಲ್ಲೋ ಇರಬೇಕು. ಆ ಕಂದು ಮುಗಿದು ಒಮ್ಮೆಲೇ ಕಡುನೀಲಿ ಶುರುವಾಗುವ ಗೆರೆಯೇ ಹವಳದ ದಿಬ್ಬದ ಅಂಚು, ಮೀನು ಹೆಚ್ಚು ಅಲ್ಲೇ. ಬಿಳಿ ನೊರೆಯ ಗೆರೆ ಕಂಡರೆ ಅಲೆ ಅಲ್ಲಿ ಒಡೆಯುತ್ತದೆ ಅಂತ ಅರ್ಥ, ಅದರ ಒಳಮಗ್ಗುಲಲ್ಲೇ ಇಳಿಯಬೇಕು. ಇನ್ನು ಹೊಳೆ ಸೇರುವ ಬಾಯಿಯಿಂದ ದೂರ ಇರಬೇಕು. ಕಾಳಿ, ಗಂಗಾವಳಿ, ಶರಾವತಿ ಎಲ್ಲವೂ ಮಣ್ಣು ಹೊತ್ತು ತರುವ ಹೊಳೆಗಳು. ನಮ್ಮ ಕರಾವಳಿಯ ದಂಡೆಯಲ್ಲಿ ನಿಂತರೆ ಪಾದವೇ ಕಾಣದಿರುವುದಕ್ಕೆ ಅದೊಂದು ಕಾರಣ. ಮಲಪ್ರಭೆಯ ಕೆಂಪು ನೀರು ನೋಡಿ ಬೆಳೆದ ನನಗೆ ಇದು ಇಷ್ಟು ತಡವಾಗಿ ಹೊಳೆಯಬಾರದಿತ್ತು.

ಹಾಗೆ ಹುಡುಕಿ ಮೊದಲು ಹೋದದ್ದು ಅಂಡಮಾನಿನ ನೀಲ್ ದ್ವೀಪಕ್ಕೆ. ಈಗ ಅದು ಶಹೀದ್ ದ್ವೀಪ. ಭರತಪುರ ದಂಡೆಯಿಂದ ನಡೆದೇ ನೀರಿಗಿಳಿಯಬಹುದು. ಆದರೆ ಭರತ ಇಳಿತ ನೋಡದೆ ಇಳಿದೆ. ಅರ್ಧ ತಾಸಿನಲ್ಲಿ ನೀರು ಮೊಣಕಾಲಿಗೆ ಬಂತು, ಈಸಲು ಜಾಗವಿಲ್ಲ, ನಿಂತರೆ ಹವಳ ತುಳಿಯಬೇಕು. ಮೊಣಕಾಲು ತರಚಿಕೊಂಡು ತೆವಳುತ್ತ ಹೊರಬಂದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈಗ ಹೋಟೆಲ್ ಬುಕ್ ಮಾಡುವ ಮೊದಲು ಆ ಪಟ್ಟಿ ನೋಡುತ್ತೇನೆ. ಬೆನ್ನು ಸುಟ್ಟು ಸಿಪ್ಪೆ ಎದ್ದದ್ದೂ ಅಲ್ಲೇ. ಆಮೇಲಿನಿಂದ ತುಂಬುತೋಳಿನ ಈಜಂಗಿ ಇಲ್ಲದೆ ಇಳಿಯುವುದಿಲ್ಲ.

ಮನಸ್ಸಿಗೆ ಹತ್ತಿದ್ದು ಲಕ್ಷದ್ವೀಪದ ಕಡಮತ್. ಹೊಳೆಯೇ ಇಲ್ಲದ ಹವಳದ ದ್ವೀಪ. ಪಶ್ಚಿಮಕ್ಕೆ ಲಗೂನ್ ಎಂಬ ಶಾಂತ ತೆಳುನೀರಿನ ಕೊಳ, ಹೊರಗಿನ ದಿಬ್ಬ ಅಲೆಗಳನ್ನು ತಡೆಯುತ್ತದೆ. ಪ್ರವೇಶ ಪರವಾನಗಿಗೆ ಓಡಾಟ ಇದೆ, ತಾಳ್ಮೆ ಬೇಕು. ಹಳೆಯ ವಿಡಿಯೊ ನೋಡಿ ಹೋದರೆ ನಿರಾಸೆಯಾಗಬಹುದು. 1998, 2010, 2016ರಲ್ಲಿ ನೀರು ಬಿಸಿಯಾಗಿ ಅಲ್ಲಿನ ಹವಳ ಬೆಳ್ಳಗಾಗಿತ್ತು, 2024ರಲ್ಲಿ ಮತ್ತೆ ಹಾಗೇ ಆಯಿತು. ಆದ್ದರಿಂದ ಅಲ್ಲಿಗೆ ಈಚೆಗೆ ಹೋಗಿ ಬಂದವರನ್ನು ಹುಡುಕಿ ಕೇಳಿದೆ: ‘ಮೀನು ಎಷ್ಟು’ ಅಂತಲ್ಲ, ‘ಹವಳಕ್ಕೆ ಬಣ್ಣ ಐತೇನು, ಪಾಚಿ ಹಿಡದೈತೇನು’ ಅಂತ.

ಅಲ್ಲಿ ಎರಡು ಸಂಗತಿ ಗಮನಕ್ಕೆ ಬಂದವು. ಕೆಂಪು ಬಣ್ಣ ನೀರಿನಲ್ಲಿ ಮೊದಲು ಕಳೆದುಹೋಗುತ್ತದೆ. ಡೈವಿಂಗಿನಲ್ಲಿ ನಾನು ಕಂದು ಅಂದುಕೊಂಡಿದ್ದ ಎಷ್ಟೋ ಮೀನು ಇಲ್ಲಿ ಕೆಂಪಗಿದ್ದವು. ಮತ್ತೊಂದು, ಗುಳ್ಳೆಗಳ ಗದ್ದಲವಿಲ್ಲದೆ ನೀರಿನೊಳಗಿನ ಸಪ್ಪಳ ಕೇಳುತ್ತದೆ. ಗಿಳಿಮೀನು ಹವಳ ಕೆರೆದು ತಿನ್ನುವಾಗ ಯಾರೋ ಪಕ್ಕದಲ್ಲಿ ಕೂತು ಹುರಿಗಡಲೆ ಅಗಿದಂತೆ.

ಹೆಂಡತಿ ಈ ಸಲ ಜೊತೆಗಿದ್ದಳು. ಸಿಲಿಂಡರಿನ ಕಾಲದಲ್ಲಿ ಅವಳು ದಂಡೆಯ ಮೇಲೆ ಬ್ಯಾಗು ಕಾಯುತ್ತಿದ್ದಳು. ‘ನಮ್ಮೂರ ಬಾವ್ಯಾಗ ಈಸಿದಾಕಿ ನಾನು. ಇದೇನ ಮಹಾ?’ ಅಂದಳು. ಲೈಫ್ ಜಾಕೆಟ್ ಹಾಕಿಸಲು ಮಾತ್ರ ಕಾಲು ತಾಸು ವಾದ ಮಾಡಬೇಕಾಯಿತು.

ಮುಂದಿನದು ಶ್ರೀಲಂಕಾದ ನೀಲಾವೇಲಿ ಎದುರಿನ ಪಿಜನ್ ಐಲ್ಯಾಂಡ್. ನಮ್ಮ ಕಡೆ ಮಳೆಗೆ ಸಮುದ್ರ ಮುಚ್ಚಿದಾಗ ಅಲ್ಲಿ ತೆರೆದಿರುತ್ತದೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಇಂಗ್ಲಿಷಿನವರು ನೇತ್ರಾಣಿಯನ್ನೂ ಪಿಜನ್ ಐಲ್ಯಾಂಡ್ ಅಂತಲೇ ಕರೆದಿದ್ದರು. ಇದನ್ನು ಹೇಳಿದಾಗ ಅವಳು, ‘ಆ ಪಾರಿವಾಳದ್ದಕ್ಕ ಹೋಗಿ ಬರೇ ಗುಳ್ಳಿ ನೋಡಿ ಬಂದಿದ್ರಿ. ಇದರಾಗ ನೀರ ಎಷ್ಟ ಆಳ ಐತಿ, ಮೊದಲ ಅದನ್ನ ಕೇಳ್ರಿ’ ಅಂದಳು.