ಗೊಂದಲದ ಇಂಗ್ಲಿಷ್ ಪದಗಳನ್ನು ಬಿಡಿಸಿಕೊಳ್ಳುವುದು ಹೇಗೆ?

ಮುಂಬಯಿಯ ಲೋಕಲ್ ರೈಲಿನೊಳಗೆ ಮುಂದಿನ ನಿಲ್ದಾಣದ ಹೆಸರನ್ನು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುತ್ತಾರೆ. ಕೇಳಿಸಿಕೊಳ್ಳುವ ಕನ್ನಡಿಗನ ತಲೆಯೊಳಗೆ ಕನ್ನಡವೂ ಇರುತ್ತದೆ. ಎಷ್ಟೋ ಮನೆಗಳಲ್ಲಿ ತುಳುವೋ ಕೊಂಕಣಿಯೋ ಅದರ ಜೊತೆಗಿರುತ್ತದೆ. ಇಷ್ಟು ಭಾಷೆಗಳ ನಡುವೆ ಬೆಳೆದ ಹುಡುಗ ಇಂಗ್ಲಿಷಿನಲ್ಲಿ ತಪ್ಪಿದರೆ ಅವನಿಗೆ ವ್ಯಾಕರಣ ಬಾರದು ಎಂದುಬಿಡುವುದು ಅನ್ಯಾಯ. ಹೆಚ್ಚಿನ ತಪ್ಪುಗಳು ಅವನಿಗೆ ಚೆನ್ನಾಗಿ ಬರುವ ಇನ್ನೊಂದು ಭಾಷೆಯಿಂದಲೇ ಬಂದಿರುತ್ತವೆ. ಯಾವ ಭಾಷೆಯಿಂದ ಬಂತೆಂದು ಪತ್ತೆ ಹಚ್ಚಿದರೆ ತಿದ್ದಿಕೊಳ್ಳುವುದು ಕಷ್ಟವಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರ ಊರಿದು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಅಂಧೇರಿಯ ಕಾಲ್ ಸೆಂಟರುಗಳಲ್ಲಿ ಇದ್ದಾರೆ. ಈ ಲೇಖನ ಅವರಿಗಾಗಿ.

ಮೊದಲ ಹೆಜ್ಜೆ: ನಿಮ್ಮ ತಪ್ಪುಗಳನ್ನೇ ಗುಡ್ಡೆ ಹಾಕಿ

ನೂರಾರು ಜೋಡಿಪದಗಳಿರುವ ಪುಸ್ತಕವನ್ನು ಬಾಯಿಪಾಠ ಮಾಡಬೇಡಿ. ಅದರಲ್ಲಿ ಮುಕ್ಕಾಲು ಪಾಲು ನಿಮಗೆ ಬೇಕಾಗುವುದೇ ಇಲ್ಲ. ಒಂದು ವಾರ ನೀವು ಕಳಿಸಿದ ಮೇಲ್, ವಾಟ್ಸಾಪ್ ಸಂದೇಶಗಳನ್ನು ತಿರುವಿ ನೋಡಿ. ಬರೆಯುವಾಗ ಎಲ್ಲಿ ಕೈ ತಡೆಯಿತೋ, ಮೇಲಿನವರು ಎಲ್ಲಿ ತಿದ್ದಿದರೋ ಅದನ್ನಷ್ಟೇ ಒಂದು ನೋಟ್‌ಬುಕ್ಕಿಗೆ ಇಳಿಸಿ. ಆಮೇಲೆ ಮೂರು ಪಾಲು ಮಾಡಿ: ಕಿವಿಗೆ ಒಂದೇ ಆಗಿ ಕೇಳಿಸುವವು, ಅರ್ಥದಲ್ಲಿ ಬೆರೆತುಹೋಗುವವು, ಮತ್ತು ‘ಪುಟ್ ಆಫ್’, ‘ಲುಕ್ ಆಫ್ಟರ್’ ಥರದ ಬಾಲವಿರುವ ಕ್ರಿಯಾಪದಗಳು. ಮೂರಕ್ಕೂ ಮದ್ದು ಬೇರೆ ಬೇರೆ.

ಕಿವಿಯ ಗೊಂದಲ

ಇದು ಸಣ್ಣದು, ಬೇಗ ಮುಗಿಯುತ್ತದೆ. ‘ಲೂಸ್’ ಎಂದರೆ ಸಡಿಲ. ಕಳೆದುಕೊಳ್ಳುವುದು ‘ಲೂಜ಼್’. ಸಲಹೆ ಎಂಬ ನಾಮಪದ ‘ಅಡ್ವೈಸ್’, ಸಲಹೆ ಕೊಡುವುದು ‘ಅಡ್ವೈಜ಼್’. ಕೊನೆಯ ಆ ಸದ್ದು ನಮ್ಮ ವರ್ಣಮಾಲೆಯಲ್ಲಿಲ್ಲ. ಆದರೆ ಹಿಂದಿಯ ‘ಬಾಜ಼ಾರ್’ ಕೇಳಿ ಗೊತ್ತಿರುವ ಮುಂಬಯಿಯವರಿಗೆ ಅದು ಹೊಸದಲ್ಲ. ‘ಸ’ ಎನ್ನುತ್ತಲೇ ಗಂಟಲಿನಿಂದ ದನಿ ಹೊರಡಿಸಿ, ಗಂಟಲ ಮೇಲೆ ಬೆರಳಿಟ್ಟರೆ ನಡುಕ ಗೊತ್ತಾಗುತ್ತದೆ. ಬಾಯಲ್ಲಿ ಸದ್ದು ಬೇರೆಯಾದರೆ ಬರೆಯುವಾಗ ಕಾಗುಣಿತವೂ ತಾನಾಗಿ ಬೇರೆಯಾಗುತ್ತದೆ. ಅಂದಹಾಗೆ ‘ಅಡ್ವೈಸ್’ಗೆ ಬಹುವಚನವಿಲ್ಲ. ಎಷ್ಟೇ ಸಲಹೆ ಕೊಟ್ಟರೂ ಅದು ‘ಅಡ್ವೈಸ್’.

ಸದ್ದು ಪೂರಾ ಒಂದೇ ಆಗಿದ್ದರೆ ಕಿವಿಯಿಂದ ಪ್ರಯೋಜನವಿಲ್ಲ, ಅರ್ಥದ ಗುರುತು ಬೇಕು. ಅಬ್ದುಲ್ ರೆಹಮಾನ್ ಸ್ಟ್ರೀಟಿನ ಅಂಗಡಿಗಳಲ್ಲಿ ಸಿಗುವ ಕಾಗದ, ಪೆನ್ನು ಎಲ್ಲ ‘ಸ್ಟೇಷನರಿ’. ಸಿಗ್ನಲ್ ಸಿಗದೆ ನಿಂತ ರೈಲೂ ‘ಸ್ಟೇಷನರಿ’. ಮೊದಲನೆಯದರ ಕೊನೆಯ ‘ಆರ್, ವೈ’ಗೆ ಮುಂಚೆ ‘ಇ’ ಅಕ್ಷರವಿದೆ, ಲಕೋಟೆಗೆ ಇಂಗ್ಲಿಷಿನಲ್ಲಿ ಹೇಳುವ ‘ಎನ್ವಲಪ್’ ಕೂಡ ಅದೇ ‘ಇ’ಯಿಂದ ಶುರು. ನಿಂತದ್ದಕ್ಕೆ ‘ಎ’. ‘ಪ್ರಿನ್ಸಿಪಲ್’ ಕೂಡ ಹೀಗೇ. ಕಾಲೇಜಿನ ಮುಖ್ಯಸ್ಥರು, ಸಾಲದ ಅಸಲು ಎರಡೂ ‘ಪಿ, ಎ, ಎಲ್’ ಎಂದು ಮುಗಿಯುವ ಒಂದೇ ಪದ, ಎರಡರಲ್ಲೂ ಮುಖ್ಯವಾದದ್ದು ಎಂಬ ಅರ್ಥವಿದೆ. ‘ಪಿ, ಎಲ್, ಇ’ ಎಂದು ಮುಗಿದರೆ ತತ್ವ, ನಿಯಮ. ಹೋಟೆಲಿನವರು ಮೆನು ಕಾರ್ಡ್ ಅಚ್ಚಿಗೆ ಕೊಡುವ ಮುಂಚೆ ‘ಕಾಂಪ್ಲಿಮೆಂಟರಿ’ ನೋಡಿಕೊಳ್ಳಬೇಕು: ಉಚಿತವಾಗಿ ಕೊಡುವುದಕ್ಕೆ ನಡುವೆ ‘ಐ’ ಬೇಕು. ‘ಇ’ ಹಾಕಿದರೆ ಒಂದಕ್ಕೊಂದು ಪೂರಕ ಎಂಬ ಅರ್ಥ ಬರುತ್ತದೆ. ಊಟದ ಕೊನೆಯ ಸಿಹಿ ‘ಡಿಜ಼ರ್ಟ್’ಗೆ ಎರಡು ‘ಎಸ್’, ಮರುಭೂಮಿ ‘ಡೆಜ಼ರ್ಟ್’ಗೆ ಒಂದು, ಇವುಗಳ ಸದ್ದು ಮಾತ್ರ ಪೂರಾ ಒಂದೇ ಅಲ್ಲ.

ಅರ್ಥದ ಗೊಂದಲ: ಯಾವ ಭಾಷೆ ನುಸುಳಿತು?

ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ತಪ್ಪು ವಾಕ್ಯದ ಕೆಳಗೆ ಅದನ್ನೇ ಕನ್ನಡದಲ್ಲಿ ಬರೆಯಿರಿ, ಅದರ ಕೆಳಗೆ ಹಿಂದಿಯಲ್ಲಿ. ಯಾವುದಾದರೂ ಒಂದು ಆ ಇಂಗ್ಲಿಷಿಗೆ ಅಚ್ಚೊತ್ತಿದಂತೆ ಹೊಂದಿದರೆ ತಪ್ಪು ಅಲ್ಲಿಂದ ಬಂದಿದೆ.

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬುದನ್ನು ಹೀಗೆ ಬರೆದು ನೋಡಿ. ‘ಐದು ವರ್ಷದಿಂದ’, ‘ಪಾಂಚ್ ಸಾಲ್ ಸೇ’, ಮರಾಠಿಯ ‘ಪಾಚ್ ವರ್ಷಾಂಪಾಸೂನ್’. ಮೂರೂ ಭಾಷೆಗಳು ಒಂದೇ ದಾರಿ ತೋರಿಸುತ್ತವೆ, ಅದಕ್ಕೇ ಈ ತಪ್ಪು ಇಷ್ಟು ಗಟ್ಟಿಯಾಗಿ ಕೂತಿದೆ. ನಮ್ಮ ‘ಇಂದ’ ಶುರುವಾದ ಗಳಿಗೆಗೂ ಆಗುತ್ತದೆ, ಕಳೆದ ಅವಧಿಗೂ ಆಗುತ್ತದೆ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಬೋರಿ ಬಂದರಿನಿಂದ ಠಾಣೆಗೆ ರೈಲು ಹೊರಟದ್ದು 1853ರಲ್ಲಿ, ಅಂದಿನಿಂದ ಎನ್ನಲು ‘ಸಿನ್ಸ್ 1853’. ಒಂದೂವರೆ ಶತಮಾನಕ್ಕೂ ಮೀರಿ ಓಡುತ್ತಿದೆ ಎನ್ನಲು ‘ಫಾರ್’. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದರೆ ‘ಸಿನ್ಸ್’, ಉದ್ದವನ್ನು ಅಳೆಯುವುದಾದರೆ ‘ಫಾರ್’. ಜೊತೆಗೆ ‘ಐ ಆಮ್ ವರ್ಕಿಂಗ್’ ಹೋಗಿ ‘ಐ ಹ್ಯಾವ್ ಬೀನ್ ವರ್ಕಿಂಗ್’ ಬರಬೇಕು.

ಇನ್ನೊಂದು ಬಗೆಯಲ್ಲಿ ಕನ್ನಡದ್ದು ತಪ್ಪೇ ಇಲ್ಲ, ತಪ್ಪು ಹಿಂದಿಯ ದಾರಿಯಿಂದ ಬಂದದ್ದು. ‘ಐ ವಿಲ್ ಸೆಂಡ್ ದಿ ರಿಪೋರ್ಟ್ ಟಿಲ್ ಫೈವ್’ ಎಂದು ಬರೆಯುವವರನ್ನು ಕೇಳಿದರೆ ‘ಪಾಂಚ್ ಬಜೇ ತಕ್’ ಎಂದುಕೊಂಡೇ ಬರೆದಿರುತ್ತಾರೆ. ಹಿಂದಿಯ ‘ತಕ್’, ಮರಾಠಿಯ ‘ಪರ್ಯಂತ್’ ಎರಡು ಅರ್ಥಕ್ಕೂ ಸಲ್ಲುತ್ತವೆ. ಕನ್ನಡ ಹಾಗಲ್ಲ. ಐದು ಗಂಟೆಯೊಳಗೆ ಕಳಿಸುತ್ತೇನೆ, ಐದು ಗಂಟೆಯ ತನಕ ಕೂತಿರುತ್ತೇನೆ. ‘ಒಳಗೆ’ ಎನ್ನುವಲ್ಲಿ ‘ಬೈ’, ‘ತನಕ’ ಎನ್ನುವಲ್ಲಿ ‘ಟಿಲ್’. ಇಂಥ ಕಡೆ ಮನೆಯ ಕನ್ನಡದಲ್ಲಿ ಯೋಚಿಸಿದವರಿಗೆ ಸರಿಯಾದ ಇಂಗ್ಲಿಷ್ ತಾನಾಗಿ ಬರುತ್ತದೆ. ಕನ್ನಡ ಮಾತಾಡಿದರೆ ಮಕ್ಕಳ ಇಂಗ್ಲಿಷ್ ಕೆಡುತ್ತದೆ ಎಂದು ಹೆದರುವ ತಂದೆತಾಯಂದಿರಿಗೆ ನಾನು ಮೊದಲು ತೋರಿಸುವ ಉದಾಹರಣೆ ಇದೇ.

‘ಕೇಳು’ ಎಂಬ ನಮ್ಮ ಕ್ರಿಯಾಪದವೂ ಹಾಗೇ. ಅದಕ್ಕೆ ಇಂಗ್ಲಿಷಿನಲ್ಲಿ ‘ಆಸ್ಕ್’, ‘ಹಿಯರ್’, ‘ಲಿಸನ್’ ಮೂರಿವೆ ಎಂದು ಗಾಬರಿಯಾಗಬೇಕಿಲ್ಲ. ಪ್ರಶ್ನೆ ಕೇಳಿದರೆ ‘ಆಸ್ಕ್’. ಉಳಿದೆರಡನ್ನು ಕನ್ನಡವೂ ಬಿಡಿಸುತ್ತದೆ: ಅನೌನ್ಸ್‌ಮೆಂಟ್ ಕೇಳಿಸಿತು ಎಂದರೆ ‘ಹರ್ಡ್’, ಕಿವಿಗೊಟ್ಟು ಕೇಳಿಸಿಕೊಂಡೆ ಎಂದರೆ ‘ಲಿಸನ್ಡ್ ಟು’. ಆ ‘ಟು’ ಬಿಡಬಾರದು. ಕಾಣಿಸಿತು, ನೋಡಿದೆ ಎಂಬುದಕ್ಕೆ ‘ಸೀ’, ‘ಲುಕ್ ಅಟ್’ ಹೊಂದುತ್ತವೆ. ಕ್ರಿಕೆಟ್ ಮ್ಯಾಚಿನಂತೆ ನಡೆಯುತ್ತಿರುವುದನ್ನು ಕೂತು ನೋಡಿದರೆ ‘ವಾಚ್’. ಹುಡುಕುವುದು ‘ಲುಕ್ ಫಾರ್’, ಸಿಕ್ಕಿದಾಗ ಮಾತ್ರ ‘ಫೈಂಡ್’. ಹಾಗಾಗಿ ‘ಐ ಆಮ್ ಫೈಂಡಿಂಗ್ ಮೈ ಮೊಬೈಲ್’ ಆಗದು.

ನಮ್ಮ ವಿಭಕ್ತಿಗಳೂ ಇಂಗ್ಲಿಷಿನೊಳಗೆ ನುಸುಳುತ್ತವೆ. ಮಳೆ ಲೋಕಲ್ ಸೇವೆಯ ‘ಮೇಲೆ’ ಪರಿಣಾಮ ಬೀರಿತು ಎನ್ನುವ ನಾವು ‘ಅಫೆಕ್ಟೆಡ್ ಆನ್’ ಎಂದು ಬರೆಯುತ್ತೇವೆ. ಪರಿಣಾಮ ಬೀರುವುದು ‘ಅಫೆಕ್ಟ್’, ಅದಕ್ಕೆ ‘ಆನ್’ ಬೇಡ. ಪರಿಣಾಮ ಎಂಬ ನಾಮಪದ ‘ಎಫೆಕ್ಟ್’, ಅದಕ್ಕೆ ‘ಆನ್’ ಬೇಕು. ಬಜೆಟ್ ‘ಬಗ್ಗೆ’ ಚರ್ಚಿಸಿದೆವು ಎನ್ನುವುದು ‘ಡಿಸ್ಕಸ್ಡ್ ಅಬೌಟ್’ ಆಗುತ್ತದೆ. ಅಲ್ಲಿ ‘ಅಬೌಟ್’ ತೆಗೆದುಬಿಡಿ. ‘ಟೆಲ್’ ಆದಮೇಲೆ ನೇರವಾಗಿ ವ್ಯಕ್ತಿ ಬರಬೇಕು, ‘ಸೇ’ ಆದಮೇಲೆ ವ್ಯಕ್ತಿ ಬರುವುದಾದರೆ ನಡುವೆ ‘ಟು’ ಬೇಕು. ಸಾಲ ಕೊಡುವವರು ‘ಲೆಂಡ್’, ತೆಗೆದುಕೊಳ್ಳುವವರು ‘ಬಾರೋ’.

ಬಾಲವಿರುವ ಕ್ರಿಯಾಪದಗಳು

ಇಂಥ ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ, ಅದರ ಹೆಸರೆತ್ತಿದರೆ ಅನೇಕರು ಕೈಚೆಲ್ಲುತ್ತಾರೆ. ಈ ‘ಕೈಚೆಲ್ಲು’ ಎಂಬುದನ್ನೇ ನೋಡಿ. ಕನ್ನಡ ಕಲಿಯಲು ಬಂದ ಮರಾಠಿ ಗೆಳೆಯನಿಗೆ ‘ಕೈ’ ಗೊತ್ತು, ‘ಕೊಡು’, ‘ಬಿಡು’, ‘ಹಾಕು’ ಗೊತ್ತು. ಆದರೂ ‘ಕೈಕೊಟ್ಟ’ ಎಂದರೆ ಮೋಸ ಮಾಡಿದ, ‘ಕೈಬಿಟ್ಟ’ ಎಂದರೆ ಅರ್ಧಕ್ಕೇ ತೊರೆದ ಎಂದು ಅವನಿಗೆ ಹೊಳೆಯುವುದಿಲ್ಲ. ನಮಗೆ ಇದನ್ನು ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ, ಸಂದರ್ಭದಲ್ಲಿ ಕೇಳಿ ಕಲಿತೆವು. ಇಂಗ್ಲಿಷಿನದನ್ನೂ ಹಾಗೇ ಕಲಿಯಬೇಕು, ನಿಮ್ಮ ದಿನದ ಸಂದರ್ಭಗಳಿಂದ.

ಪ್ರಯಾಣದಿಂದ ಶುರು ಮಾಡಿ. ಹತ್ತುವುದು, ಇಳಿಯುವುದು ನಮಗೆ ಎಲ್ಲ ವಾಹನಕ್ಕೂ ಒಂದೇ. ಇಂಗ್ಲಿಷಿನಲ್ಲಿ ರೈಲು, ಬಸ್ಸು, ವಿಮಾನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರು, ಟ್ಯಾಕ್ಸಿ, ಬಾಂದ್ರಾದಿಂದ ಮುಂದಕ್ಕೆ ಸಿಗುವ ರಿಕ್ಷಾಕ್ಕೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ಒಳಗೆ ಎದ್ದು ಓಡಾಡಬಹುದಾದ ವಾಹನವಾದರೆ ‘ಆನ್’ ಎಂದು ನೆನಪಿಟ್ಟರೆ ಸಾಕು. ‘ಐ ವಿಲ್ ಗೆಟ್ ಡೌನ್ ಅಟ್ ದಾದರ್’ ಎಂದರೆ ನಮ್ಮ ಡಬ್ಬಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ, ಹೊರದೇಶದವರ ಜೊತೆ ‘ಗೆಟ್ ಆಫ್’ ಎನ್ನಿ.

ಮುಂದೆ ಸಭೆ, ಸಮಾರಂಭ. ಭಾನುವಾರ ಹಳಿ ದುರಸ್ತಿಗೆಂದು ಲೋಕಲ್ ನಿಲ್ಲಿಸುವ ಮೆಗಾ ಬ್ಲಾಕ್ ಇದೆ, ಡೊಂಬಿವಲಿಯಿಂದ ಬರುವವರಿಗೆ ತೊಂದರೆ ಎಂದು ಸಂಘದ ಸಭೆಯನ್ನು ಮುಂದಿನ ವಾರಕ್ಕೆ ಹಾಕಿದರೆ ‘ಪುಟ್ ಆಫ್’. ಸಭೆಯೇ ಇಲ್ಲ ಎಂದು ರದ್ದು ಮಾಡಿದರೆ ‘ಕಾಲ್ ಆಫ್’. ಇವೆರಡು ಅದಲುಬದಲಾದರೆ ಜನ ಬರುವುದೇ ನಿಂತುಹೋಗುತ್ತದೆ, ಆದ್ದರಿಂದ ಇದನ್ನು ಗಟ್ಟಿಮಾಡಿಕೊಳ್ಳಿ. ‘ಪುಟ್ ಅಪ್ ವಿತ್’ ಸಹಿಸಿಕೊಳ್ಳುವುದು, ‘ಪುಟ್ ಔಟ್’ ಬೆಂಕಿ ಆರಿಸುವುದು. ಲೈಟನ್ನು ‘ಬಂದ್ ಮಾಡು’ ಎನ್ನುವ ಮುಂಬಯಿಯ ಮಾತಿನಿಂದ ‘ಕ್ಲೋಸ್ ದಿ ಲೈಟ್’ ಹುಟ್ಟಿಕೊಂಡಿದೆ. ಅದು ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’.

ಕೆಲವು ಬಾಲಗಳಿಗೆ ಅವುಗಳದೇ ಸ್ವಭಾವವಿದೆ. ‘ಅಪ್’ ಎಷ್ಟೋ ಕಡೆ ನಮ್ಮ ‘ಬಿಡು’ವಿನಂತೆ ಕೆಲಸ ಮಾಡುತ್ತದೆ: ‘ಈಟ್ ಅಪ್’ ತಿಂದುಬಿಡು, ‘ಡ್ರಿಂಕ್ ಅಪ್’ ಕುಡಿದುಬಿಡು. ‘ಔಟ್’ ಕೆಲವೊಮ್ಮೆ ಮುಗಿದುಹೋಗುವುದನ್ನು ಹೇಳುತ್ತದೆ. ಹನ್ನೊಂದು ಗಂಟೆಗೇ ಇಡ್ಲಿ ಖಾಲಿಯಾದರೆ ‘ವಿ ಹ್ಯಾವ್ ರನ್ ಔಟ್ ಆಫ್ ಇಡ್ಲಿ’. ಬೇಡದ ಕಡೆ ಬಾಲ ಸೇರಿಸುವುದೂ ಉಂಟು. ‘ಕೋಪ್ ಅಪ್ ವಿತ್’ನಲ್ಲಿ ‘ಅಪ್’ ಬೇಡ, ‘ರಿಟರ್ನ್ ಬ್ಯಾಕ್’ನಲ್ಲಿ ‘ಬ್ಯಾಕ್’ ಬೇಡ.

‘ಇಟ್’ ಎಲ್ಲಿ ಕೂರಬೇಕು ಎಂಬುದು ಮುಂದಿನ ತೊಡಕು. ‘ಪುಟ್ ಇಟ್ ಆಫ್’ ಸರಿ, ‘ಪುಟ್ ಆಫ್ ಇಟ್’ ತಪ್ಪು. ಆದರೆ ‘ಲುಕ್ ಆಫ್ಟರ್ ಇಟ್’ ಸರಿ. ಕಣ್ಣಂದಾಜಿಗೆ ಬಿಡದೆ ನಿಘಂಟು ನೋಡಿ. ಕಲಿಯುವವರಿಗೆಂದೇ ಮಾಡಿದ ಕೇಂಬ್ರಿಜ್, ಆಕ್ಸ್‌ಫರ್ಡ್ ನಿಘಂಟುಗಳು ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ, ಉಚ್ಚಾರಣೆಯೂ ಕೇಳಿಸುತ್ತದೆ. ಅಲ್ಲಿ ‘ಪುಟ್ ಸಂಥಿಂಗ್ ಆಫ್’ ಎಂದು ‘ಸಂಥಿಂಗ್’ ನಡುವೆ ಇದ್ದರೆ ‘ಇಟ್’ ಕೂಡ ನಡುವೆ, ಕೊನೆಯಲ್ಲಿದ್ದರೆ ಕೊನೆಗೆ. ‘ಲುಕ್ ಫಾರ್ವರ್ಡ್ ಟು’ ಥರದ ಮೂರು ತುಂಡಿನವನ್ನು ಒಡೆಯಬೇಡಿ. ಅದರ ಮುಂದೆ ‘ಮೀಟ್’ ಬರುವುದಿಲ್ಲ, ‘ಮೀಟಿಂಗ್’ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಪ್ರತಿ ಪದದ ಎದುರು ಬರೀ ಅರ್ಥ ಬರೆದರೆ ಸಾಲದು. ನಿಮ್ಮ ಕೆಲಸದ ಒಂದು ವಾಕ್ಯ ಬರೆದು ಜೋರಾಗಿ ಓದಿ. ಬ್ಯಾಂಕಿನವರಾದರೆ ‘ವಿ ಆರ್ ಲುಕಿಂಗ್ ಇಂಟು ಇಟ್’, ಅಂದರೆ ವಿಚಾರಿಸುತ್ತಿದ್ದೇವೆ. ದಿನಕ್ಕೆ ಎರಡು ಸಾಕು.

ಯಾರಿಗೆ ಬರೆಯುತ್ತಿದ್ದೀರಿ?

ಭಾರತದಲ್ಲಿ ಸಲ್ಲುವ ಕೆಲವು ಮಾತುಗಳು ಹೊರಗೆ ಬೇರೆ ಅರ್ಥ ಕೊಡುತ್ತವೆ. ಕಾಲೇಜಿನಿಂದ ‘ಪಾಸ್ ಔಟ್’ ಆದೆ ಎಂದರೆ ಲಂಡನಿನವರಿಗೆ ಮೂರ್ಛೆ ಹೋದೆ ಎಂದು ಕೇಳಿಸಬಹುದು, ಅಲ್ಲಿಗೆ ‘ಗ್ರಾಜುಯೇಟೆಡ್’ ಎಂದು ಬರೆಯಿರಿ. ಉತ್ತರಿಸುತ್ತೇನೆ ಎನ್ನಲು ನಾವು ಬಳಸುವ ‘ರಿವರ್ಟ್’ಗೆ ಅವರಲ್ಲಿ ಹಳೆಯ ಸ್ಥಿತಿಗೆ ಮರಳುವುದು ಎಂಬ ಅರ್ಥ, ಅದರ ಬದಲು ‘ರಿಪ್ಲೈ’ ಇರಲಿ. ‘ಪ್ರಿಪೋನ್’ ಭಾರತೀಯ ಪ್ರಯೋಗವೆಂದು ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿದೆ, ನಾಚಿಕೆಪಡುವ ಮಾತಲ್ಲ. ಇಲ್ಲಿಯವರಿಗೆ ಧಾರಾಳವಾಗಿ ಬಳಸಿ. ಹೊರಗಿನವರಿಗೆ ‘ಬ್ರಿಂಗ್ ಫಾರ್ವರ್ಡ್’ ಎಂದು ಬರೆದು, ಜೊತೆಗೆ ‘ಫ್ರಮ್ ಫ್ರೈಡೇ ಟು ವೆನ್ಸ್‌ಡೇ’ ಎಂದು ಎರಡೂ ದಿನಗಳನ್ನು ಸೇರಿಸಿ. ಸಭೆ ಮುಂಚೆ ಆಯಿತೋ ತಡವಾಯಿತೋ ಎಂಬ ಸಂಶಯ ಆಗ ಯಾರಿಗೂ ಉಳಿಯುವುದಿಲ್ಲ.