ಪ್ಯಾರಾಥೈರಾಯ್ಡ್ ಆಪರೇಷನ್‌ಗೆ ಮೊದಲು ಥೈರಾಯ್ಡ್ ತಪಾಸಣೆ ಹೇಗೆ?

ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಪ್ಯಾರಾಥೈರಾಯ್ಡ್ ಹಾರ್ಮೋನ್ ಅಂದರೆ ಪಿಟಿಎಚ್ ಕೂಡ ಜಾಸ್ತಿ. ಡಾಕ್ಟರ್ ಆಪರೇಷನ್ ಆಗಬೇಕು ಎಂದಿದ್ದಾರೆ. ಜೊತೆಗೆ ಥೈರಾಯ್ಡ್ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ. ‘ನನಗೆ ಥೈರಾಯ್ಡ್ ತೊಂದರೆಯೇ ಇಲ್ವಲ್ಲ, ಇದ್ಯಾಕೆ?’ ಅನ್ನಿಸುವುದು ಸಹಜ.

ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ, ಅಕ್ಕಿಕಾಳಿನಷ್ಟಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಅವು ಥೈರಾಯ್ಡ್‌ನ ಬೆನ್ನಿಗೇ ಅಂಟಿಕೊಂಡಿರುತ್ತವೆ. ಎರಡರ ಕೆಲಸ ಬೇರೆ, ಜಾಗ ಒಂದೇ. ಒಮ್ಮೆ ಕೊಯ್ದ ಕುತ್ತಿಗೆ ಒಳಗೆಲ್ಲ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎರಡನೇ ಸಲ ಕೊಯ್ದಾಗ ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗುವ ಭಯ ಹೆಚ್ಚು. ಥೈರಾಯ್ಡ್‌ನಲ್ಲಿ ತೆಗೆಯಬೇಕಾದ್ದು ಏನಾದರೂ ಇದ್ದರೆ ಅದು ಮೊದಲೇ ಗೊತ್ತಾಗಬೇಕು.

ಶುರು ಮಾಡುವುದು ಮಾತಿನಿಂದ. ಚಿಕ್ಕಂದಿನಲ್ಲಿ ಕುತ್ತಿಗೆಗೆ ರೇಡಿಯೇಷನ್ ಕೊಟ್ಟಿದ್ದರೆ ಹೇಳಿ, ಅದು ಎರಡೂ ಗ್ರಂಥಿಗಳಿಗೆ ಕಾಟ ಕೊಡಬಲ್ಲದು. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆಯೂ ಹಾಗೆಯೇ. ಧ್ವನಿ ಬದಲಾಗಿದ್ದರೆ, ಹಿಂದೆ ಕುತ್ತಿಗೆಯ ಆಪರೇಷನ್ ಆಗಿದ್ದರೆ ಮುಚ್ಚಿಡಬೇಡಿ. ಧ್ವನಿತಂತುಗಳನ್ನು ಮೊದಲೇ ನೋಡಿಕೊಳ್ಳುತ್ತಾರೆ.

ಆಮೇಲೆ ರಕ್ತ ಪರೀಕ್ಷೆ, ಮುಖ್ಯವಾಗಿ ಟಿಎಸ್‌ಎಚ್. ಇದು ಥೈರಾಯ್ಡ್‌ಗೆ ‘ಕೆಲಸ ಮಾಡು’ ಎನ್ನುವ ಹಾರ್ಮೋನ್, ಥೈರಾಯ್ಡ್ ಅತಿಯಾದರೆ ಸಾಮಾನ್ಯವಾಗಿ ಇದು ಇಳಿಯುತ್ತದೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಅದೇ ಕ್ಯಾಲ್ಸಿಯಂ ಅನ್ನು ಏರಿಸಬಹುದು. ಹತೋಟಿಗೆ ತರದೆ ಅರಿವಳಿಕೆ ಕೊಡುವುದೂ ಅಪಾಯ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತೀರಾ? ಕೆಲವು ಲ್ಯಾಬ್ ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಮತ್ತು ಪಿಟಿಎಚ್ ಎರಡನ್ನೂ ಸುಳ್ಳೇ ಕಡಿಮೆ ತೋರಿಸುತ್ತದೆ. ಡಾಕ್ಟರನ್ನು ಕೇಳಿ, ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ.

ಮೂರನೆಯದು ಕುತ್ತಿಗೆಯ ಅಲ್ಟ್ರಾಸೌಂಡ್. ನನ್ನ ಕೇಳಿದರೆ ಇಡೀ ತಪಾಸಣೆಯ ಜೀವಾಳ ಇದೇ. ಭುಜದ ಕೆಳಗೆ ದಿಂಬಿಟ್ಟು ಮಲಗಿಸುತ್ತಾರೆ, ತಲೆ ಹಿಂದಕ್ಕೆ ಬಾಗಿರುತ್ತದೆ. ತಣ್ಣಗಿನ ಜೆಲ್ ಹಚ್ಚಿ ಪ್ರೋಬ್ ಆಡಿಸುತ್ತಾರೆ. ನೋವಿಲ್ಲ. ಊದಿದ ಪ್ಯಾರಾಥೈರಾಯ್ಡ್ ಎಲ್ಲಿದೆ, ಥೈರಾಯ್ಡ್‌ನಲ್ಲಿ ಗಂಟು ಇದೆಯಾ, ಪಕ್ಕದ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಹೇಗಿವೆ ಎಲ್ಲವನ್ನೂ ಒಂದೇ ಸಲಕ್ಕೆ ನೋಡಬಹುದು. ‘ಸೆಸ್ಟಾಮಿಬಿ ಸ್ಕ್ಯಾನ್ ಆಯ್ತಲ್ಲ, ಸಾಕು’ ಎನ್ನುವಂತಿಲ್ಲ. ಅದು ಊದಿದ ಪ್ಯಾರಾಥೈರಾಯ್ಡ್ ಹುಡುಕಲು ಸ್ವಲ್ಪ ವಿಕಿರಣವಿರುವ ಔಷಧ ಚುಚ್ಚಿ ಮಾಡುವ ಸ್ಕ್ಯಾನ್. ಅದರಲ್ಲಿ ಥೈರಾಯ್ಡ್ ಗಂಟೂ ಹೊಳೆದು ಪ್ಯಾರಾಥೈರಾಯ್ಡ್‌ನಂತೆ ಕಾಣಿಸಬಹುದು! ಅಮೆರಿಕದ ಎಂಡೋಕ್ರೈನ್ ಸರ್ಜನ್‌ಗಳ ಸಂಘದ 2016ರ ಮಾರ್ಗಸೂಚಿಯೂ ಆಪರೇಷನ್‌ಗೆ ಮೊದಲು ಅಲ್ಟ್ರಾಸೌಂಡ್‌ನಲ್ಲಿ ಥೈರಾಯ್ಡ್ ನೋಡಿ ಎನ್ನುತ್ತದೆ.

ಗಂಟು ಸಿಕ್ಕಿತು ಎಂದರೆ ಗಾಬರಿ ಬೇಡ. ಥೈರಾಯ್ಡ್ ಗಂಟುಗಳು ತುಂಬಾ ಸಾಮಾನ್ಯ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಟಿಎಸ್‌ಎಚ್ ಕಡಿಮೆ ಇದ್ದರೆ, ಗಂಟೇ ಹಾರ್ಮೋನ್ ಹೆಚ್ಚು ಸುರಿಸುತ್ತಿದೆಯಾ ಎಂದು ನೋಡಲು ಥೈರಾಯ್ಡ್ ಸ್ಕ್ಯಾನ್ ಮಾಡಿಸುತ್ತಾರೆ. ಇಲ್ಲವಾದರೆ ಗಂಟಿನ ಗಾತ್ರ, ಅಂಚು, ಒಳಗಿನ ಸುಣ್ಣದ ಚುಕ್ಕೆಗಳನ್ನು ನೋಡಿ ಸೂಜಿ ಪರೀಕ್ಷೆ (ಸೂಜಿಯಿಂದ ಜೀವಕೋಶ ತೆಗೆದು ನೋಡುವುದು) ಬೇಕೋ ಬೇಡವೋ ನಿರ್ಧರಿಸುತ್ತಾರೆ. ಟಿರಾಡ್ಸ್ ಎಂಬ ಅಂಕಪದ್ಧತಿಯಲ್ಲಿ ಹೆಚ್ಚು ಅನುಮಾನದ ಗಂಟಿಗೆ 1 ಸೆಂ.ಮೀ. ಆದರೇ ಸೂಜಿ, ಅಷ್ಟೇನೂ ಅನುಮಾನವಿಲ್ಲದ್ದಕ್ಕೆ 2.5 ಸೆಂ.ಮೀ. ತನಕ ಕಾಯಬಹುದು. ಆದರೆ ಪ್ಯಾರಾಥೈರಾಯ್ಡ್ ಗೆಡ್ಡೆಗೇ ಸುಮ್ನೆ ಸೂಜಿ ಹಾಕಿಸುವುದು ಒಳ್ಳೆಯದಲ್ಲ. ಸುತ್ತ ಅಂಟಿಕೊಂಡು ಮುಂದೆ ಸರ್ಜನ್‌ಗೆ ಕಷ್ಟವಾಗುತ್ತದೆ.

ಮನೆಯವರಲ್ಲಿ ಯಾರಿಗಾದರೂ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ವಿಷಯ ಬೇರೆ. ಆಗ ಥೈರಾಯ್ಡ್, ಪ್ಯಾರಾಥೈರಾಯ್ಡ್, ಅಡ್ರಿನಲ್ ಮೂರರಲ್ಲೂ ಗೆಡ್ಡೆ ತರಬಲ್ಲ ಎಂಇಎನ್ 2ಎ ಎಂಬ ವಂಶಪಾರಂಪರ್ಯ ಕಾಯಿಲೆಯ ಅನುಮಾನ ಬರುತ್ತದೆ. ಆ ಕ್ಯಾನ್ಸರ್ ಇದ್ದರೆ ರಕ್ತದಲ್ಲಿ ಏರುವ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್‌ನ ಪರೀಕ್ಷೆ ಮತ್ತು ಜೀನ್ ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮಾ ಎಂಬ ಗೆಡ್ಡೆ ಇಲ್ಲ ಎಂದು ಖಚಿತವಾಗದೆ ಕುತ್ತಿಗೆಗೆ ಚಾಕು ತಾಗಿಸಬಾರದು. ಇದ್ದರೆ ಆಪರೇಷನ್ ಟೇಬಲ್ ಮೇಲೇ ಬಿಪಿ ವಿಪರೀತ ಏರಿಬಿಡಬಹುದು.

ರಿಪೋರ್ಟ್‌ಗಳೆಲ್ಲ ಬಂದ ಮೇಲೆ ಸರ್ಜನ್ ಹತ್ತಿರ ಕೂತು ಕೇಳಿ: ಥೈರಾಯ್ಡ್ ಮುಟ್ಟುತ್ತೀರಾ? ಅರ್ಧವೋ, ಪೂರ್ತಿಯೋ? ಪೂರ್ತಿ ತೆಗೆದರೆ ಜೀವನಪೂರ್ತಿ ಥೈರಾಕ್ಸಿನ್ ಮಾತ್ರೆ ಬೇಕು. ಸಣ್ಣ, ನಿರುಪದ್ರವಿ ಗಂಟಾದರೆ ಬಿಟ್ಟು, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಕು. ಯಾವುದೆಂದು ತೀರ್ಮಾನವಾದ ಮೇಲೆ, ಒಪ್ಪಿಗೆ ಪತ್ರದಲ್ಲೂ ಅದೇ ಬರೆದಿದೆಯಾ ಎಂದು ಓದಿಯೇ ಸಹಿ ಹಾಕಿ.